ಬೇಸ್‌ಮೆಂಟ್ ಮಾಸ್ತರು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರಲ್ಲಿ ಈಗ ಓಣಿಗೊಬ್ಬರಾದರೂ ಇಂಥವರು ಸಿಗುತ್ತಾರೆ. ಹೈಸ್ಕೂಲ್ ಮಾಸ್ತರಿಕೆಯೋ ಬ್ಯಾಂಕಿನ ನೌಕರಿಯೋ ಮುಗಿಸಿದವರು. ಮಗ ಕೆನಡಾಕ್ಕೆ ಕರೆಸಿಕೊಳ್ಳುತ್ತಾನೆ, ಆರು ತಿಂಗಳು ಇದ್ದು ಬರುತ್ತಾರೆ. ಹೋಗುವಾಗ ನಮ್ಮ ನಿಮ್ಮಂಥ ಸಾದಾ ಮನುಷ್ಯರು. ಬರುವಾಗ ಟೊಮ್ಯಾಟೊ ಪಂಡಿತರು.

ಗುರುತು ಹಿಡಿಯುವುದು ಕಷ್ಟವಲ್ಲ. ಗಿರ್ಮಿಟ್ ಅಂಗಡಿಯ ಮುಂದೆ ಯಾರಾದರೂ ಟೊಮ್ಯಾಟೊ ರೇಟಿನ ಮಾತು ತೆಗೆಯಲಿ, "ನಮ್ಮ ಹುಡುಗನ ಬೇಸ್‌ಮೆಂಟಿನಾಗ..." ಅಂತ ಶುರು ಹಚ್ಚುತ್ತಾರೆ. ಗಿರ್ಮಿಟ್ ಮೆತ್ತಗಾಗುತ್ತದೆ, ಮಿರ್ಚಿ ಆರುತ್ತದೆ, ಬೇಸ್‌ಮೆಂಟಿನ ಮೆಟ್ಟಿಲು ಹತ್ತಿ ಮೇಲೆ ಬರುವ ಲಕ್ಷಣ ಮಾತ್ರ ಕಾಣುವುದಿಲ್ಲ. ಅದಕ್ಕೇ ಹುಡುಗರು ಬೇಸ್‌ಮೆಂಟ್ ಮಾಸ್ತರು ಎಂದು ಹೆಸರಿಟ್ಟಿದ್ದಾರೆ.

ರಾಣೆಬೆನ್ನೂರಿನ ಮಾಸ್ತರನ್ನೇ ತಗೊಳ್ಳಿ. ಅವರು ಟೊರೊಂಟೊ ಪಕ್ಕದ ಬ್ರ್ಯಾಂಪ್ಟನ್‌ನಲ್ಲಿ ಇಳಿದದ್ದು ಮಾರ್ಚ್‌ನಲ್ಲಿ. ಹೊರಗೆ ಹೋದರೆ ಹಿಮ, ಒಳಗಿದ್ದರೆ ಮಾತಿಗೆ ಜನ ಇಲ್ಲ. ಬೇಸತ್ತು ಕೂತ ಅಪ್ಪನನ್ನು ಮಗ ಒಂದು ದಿನ ಬೇಸ್‌ಮೆಂಟಿಗೆ ಇಳಿಸಿದ. ಅಲ್ಲಿ ಒಂದು ಟ್ರೇ. ಟ್ರೇ ಕೆಳಗೆ ಕರೆಂಟಿನಿಂದ ಬಿಸಿಯಾಗುವ ಚಾಪೆ, ನಾಲ್ಕು ಬೆರಳು ಮೇಲೆ ಸರಪಳಿಗೆ ತೂಗುಬಿಟ್ಟ ಟ್ಯೂಬ್‌ಲೈಟು, ಪಕ್ಕದಲ್ಲಿ ಮೆಲ್ಲಗೆ ತಿರುಗುವ ಫ್ಯಾನು. ಟ್ರೇಯಲ್ಲಿ ಆಗತಾನೇ ಕತ್ತು ಎತ್ತಿದ ಟೊಮ್ಯಾಟೊ ಅಗಿ.

"ಏನೋ ಇದು, ಟಮಾಟಿಗೆ ಬಾಣಂತನಾನ?"

ಮಗ ವಿವರಿಸಿದ. ಬೀಜ ಚೆನ್ನಾಗಿ ಮೊಳೆಯಬೇಕಾದರೆ ಮಣ್ಣು 21ರಿಂದ 27 ಡಿಗ್ರಿ ಬೆಚ್ಚಗಿರಬೇಕು; ಅಲ್ಲಿ ಮಾರ್ಚ್‌ನ ಮಣ್ಣು ಕಲ್ಲು. ಎಳೆ ಅಗಿಯ ಮೇಲೆ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದರೆ ಬೆಳಗಾಗುವಷ್ಟರಲ್ಲಿ ಕರ್ರಗಾಗಿ ಮಲಗಿರುತ್ತದೆ. ಹಾಗಾಗಿ ಆರರಿಂದ ಎಂಟು ವಾರ ಮನೆಯೊಳಗೇ ಸಾಕಿ, ಮೇ ತಿಂಗಳ ವಿಕ್ಟೋರಿಯಾ ಡೇ ರಜೆಯ ಹೊತ್ತಿಗೆ ಹೊರಗೆ ಹಚ್ಚುವುದು. ಆ ರಜೆ ಮೇ 25ರ ಹಿಂದಿನ ಸೋಮವಾರ ಬರುತ್ತದೆ, ರಾಣಿ ವಿಕ್ಟೋರಿಯಾ ಹುಟ್ಟಿದ್ದು ಮೇ 24ಕ್ಕೆ.

ಮಾಸ್ತರು ಬೆರಳು ಮಡಚಿದರು. ರೋಹಿಣಿ ಮಳೆ ಹೂಡುವುದೂ ಮೇ 25ರ ಸುಮಾರಿಗೇ! ಎಂಟು ವಾರ ಹಿಂದಕ್ಕೆ ಎಣಿಸಿದರೆ ಯುಗಾದಿಯ ಆಜುಬಾಜು. "ಯುಗಾದಿಗೆ ಬೀಜ, ರೋಹಿಣಿಗೆ ಅಗಿ. ಇಷ್ಟಕ್ಕ ನಿಮಗ ಕಂಪ್ಯೂಟರ್ ಯಾಕಪಾ ಬೇಕು?" ಅಂದಿನಿಂದ ಕೆನಡಾ ದೇಶಕ್ಕೆ ಪಂಚಾಂಗ ಕೊಟ್ಟವರು ತಾವೇ ಎಂಬ ಧಾಟಿ ಅವರ ಮಾತಿಗೆ ಬಂದಿದೆ.

ಬೀಜದ ಪಾಕೀಟಿನ ರೇಟು ಕೇಳಿ ಮಾತ್ರ ಅವರಿಗೆ ತಲೆ ಗಿರ್ರೆಂದಿತು. ಎಣಿಸಿ ಹಾಕಿದ ಒಂದಿಷ್ಟು ಬೀಜಕ್ಕೆ ನಾಲ್ಕೈದು ಡಾಲರ್. ಒಂದು ಗ್ರಾಂ ಟೊಮ್ಯಾಟೊ ಬೀಜ ಅಂದರೆ ಸುಮಾರು 300 ಬೀಜ. ಗ್ರಾಂ ಲೆಕ್ಕದಲ್ಲಿ ಅದು ಅಂಗಡಿಯ ಬೆಳ್ಳಿಯನ್ನು ಯಾವಾಗಲೋ ಹಿಂದೆ ಹಾಕಿತ್ತು. ಪಾಕೀಟು ತಿರುವಿ ಹಾಕಿ, ಎಲ್ಲೂ ಊರಿನ ಹೆಸರಿಲ್ಲದಿದ್ದರೂ, "ಇದು ನಮ್ಮೂರಾಗ ಕ್ರಾಸ್ ಮಾಡಿದ್ದ ಬೀಜ" ಎಂದು ತೀರ್ಪು ಕೊಟ್ಟರು.

ಇರಲೂಬಹುದು. ರಾಣೆಬೆನ್ನೂರು ಹೈಬ್ರಿಡ್ ತರಕಾರಿ ಬೀಜದ ಊರು. ಸುತ್ತಲ ಹಳ್ಳಿಗಳ ನೆಟ್‌ಹೌಸುಗಳಲ್ಲಿ ಹೆಣ್ಣುಮಕ್ಕಳು ನಾಳೆ ಅರಳುವ ಮೊಗ್ಗನ್ನು ಇಂದೇ ಚಿಮಟದಿಂದ ಬಿಡಿಸಿ, ಒಳಗಿನ ಹಳದಿ ಕೇಸರವನ್ನು ಇಡಿಯಾಗಿ ಕಿತ್ತು, ನಡುವಿನ ಹಸಿರು ಎಳೆ ಮುರಿಯದಂತೆ ಉಳಿಸುತ್ತಾರೆ. ಮರುದಿನ ಬೆಳಿಗ್ಗೆ ಬೆರಳಿನ ಉಂಗುರದ ಗುಂಡಿಯಲ್ಲಿ ಗಂಡು ತಳಿಯ ಹೂವಿನ ಹುಡಿ ತುಂಬಿಕೊಂಡು ಬಂದು ಆ ಎಳೆಯ ತುದಿಯನ್ನು ಅದರಲ್ಲಿ ಅದ್ದುತ್ತಾರೆ. ಹೂವಿನ ಬುಡದ ಹಸಿರು ಎಸಳನ್ನು ಕತ್ತರಿಸಿ ಗುರುತು ಮಾಡುತ್ತಾರೆ. ಹಣ್ಣಾದಾಗ ಆ ಗುರುತಿಲ್ಲದ್ದು ಬೀಜಕ್ಕೆ ಬರುವುದಿಲ್ಲ. ದಿನವಿಡೀ ಇದೇ, ಬಗ್ಗಿ ನಿಂತು, ಹೂವಿನಿಂದ ಹೂವಿಗೆ.

1973ರಲ್ಲಿ ಮನಮೋಹನ ಅತ್ತಾವರರ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಬೆಂಗಳೂರಿನಿಂದ 'ಕರ್ನಾಟಕ' ಎಂಬ ಹೈಬ್ರಿಡ್ ಟೊಮ್ಯಾಟೊ ತಂದಾಗ ಮಾಸ್ತರು ಚಡ್ಡಿ ಹಾಕುವ ಹುಡುಗ. ಆಮೇಲೆ ಅವರ ಕಣ್ಣೆದುರೇ ಊರ ಸುತ್ತ ಬೀಜದ ಧಂದೆ ಬೆಳೆಯಿತು. ಕ್ರಾಸಿಂಗ್ ಹಂಗಾಮಿನಲ್ಲಿ ಹುಡುಗಿಯರ ಹಾಜರಿ ಇಳಿಯುವುದು ಅವರ ಪಟ್ಟಿಯಲ್ಲೇ ಇತ್ತು. ಗೈರುಹಾಜರಿಯ ಗುರುತು ಹಾಕಿದರೇ ಹೊರತು, ಹೊಲಕ್ಕೆ ಹೋಗಿ ನೋಡಿದವರಲ್ಲ. ಟೊಮ್ಯಾಟೊ ಗಿಡ ನೋಡಲು ಅವರಿಗೆ ಬ್ರ್ಯಾಂಪ್ಟನ್ನೇ ಬೇಕಾಯಿತು.

ಬ್ಯಾಡಗಿ ಮಾಸ್ತರರದು ಇನ್ನೊಂದು ಒಳಪಂಗಡ. ಅವರು ಬೇಸ್‌ಮೆಂಟಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಹಾಕಿಸುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಕಾಯಿ ಅದು. ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಆ ಬಣ್ಣ ಏರುವ ಮೊದಲೇ ಅಲ್ಲಿ ಮತ್ತೆ ಚಳಿ ಬರುತ್ತದೆ. ಮಗ ಹಸಿರುಕಾಯಿಯನ್ನೇ ಹರಿದು ಮಿರ್ಚಿ ಕರಿಯುತ್ತಾನೆ. ಮಾಸ್ತರು ಪೇಟೆಯಲ್ಲಿ ಕೆಂಪು ರಾಶಿಯ ನಡುವೆ ನಿಂತು, "ಅಲ್ಲೀದು ಹಸರ ಇದ್ರೂ ಟೇಸ್ಟೇ ಬ್ಯಾರೆ" ಎನ್ನುತ್ತಾರೆ. ಹಾವೇರಿಯವರು ಏನನ್ನೂ ಹಾಕುವುದಿಲ್ಲ, ಫೋಟೋ ತೋರಿಸುತ್ತಾರೆ.

ಊರಿಗೆ ಬಂದ ಮೇಲೂ ರಾಣೆಬೆನ್ನೂರಿನ ಮಾಸ್ತರು ಸುಮ್ಮನಾಗಲಿಲ್ಲ. ಫೆಬ್ರುವರಿ ಮುಗಿಯುತ್ತಿದ್ದಂತೆ ಮಾಳಿಗೆಯ ಕೋಣೆಗೆ ಪರದೆ ಇಳಿಬಿಟ್ಟು, ಕಿಟಕಿಯ ಸಂದಿಗೆ ಪೇಪರ್ ತುರುಕಿ, ಒಳಗೆ ಟ್ಯೂಬ್‌ಲೈಟು ಕಟ್ಟಿದರು. ಹೊರಗೆ ಬೆಂಕಿಯಂಥ ಬಿಸಿಲು, ಪುಕ್ಕಟೆ. ಒಳಗೆ ಕರೆಂಟಿನ ಮೀಟರು ಓಡುತ್ತಿದೆ. ಮನೆಯವರ ಮಂಡಿನೋವಿಗೆಂದು ತಂದ ಶಾಖದ ಪಟ್ಟಿ ಟ್ರೇಯ ಅಡಿಗೆ ಸೇರಿತು. "ನನ್ನ ಮೊಣಕಾಲಿಗಿಂತ ನಿಮಗ ಟಮಾಟಿ ಹೆಚ್ಚಾತೇನ್ರಿ?" ಎಂದು ಅವರು ಕೇಳಿದ್ದು ಓಣಿಗೆಲ್ಲ ಕೇಳಿಸಿತು.

ಅಗಿ ಬಂದವು. ಬೆಳಕು ಸಾಲದೆ ಸಣಕಲಾಗಿ ಉದ್ದಕ್ಕೆ ಬೆಳೆದು ಒಂದರ ಮೇಲೊಂದು ಒರಗಿದವು. ಈಗ ಹದ ಮಾಡುವ ಕಾರ್ಯಕ್ರಮ. ಕೆನಡಾದಲ್ಲಿ ಒಳಗೆ ಬೆಳೆದ ಅಗಿಯನ್ನು ಮೊದಲ ದಿನ ಒಂದೆರಡು ತಾಸು ನೆರಳಲ್ಲಿಟ್ಟು, ದಿನಾ ಸ್ವಲ್ಪ ಹೆಚ್ಚಿಸುತ್ತ ವಾರ ಹತ್ತು ದಿನಕ್ಕೆ ಗಾಳಿ ಬಿಸಿಲಿಗೆ ಒಗ್ಗಿಸುತ್ತಾರೆ. ಅದೇ ವೇಳಾಪಟ್ಟಿಯನ್ನು ಮಾಸ್ತರು ಏಪ್ರಿಲ್‌ನ ರಾಣೆಬೆನ್ನೂರಿಗೂ ಲಾಗೂ ಮಾಡಿದರು. ಕೈಗಡಿಯಾರ ನೋಡುತ್ತ ಟ್ರೇ ಹೊರಗೆ, ಟ್ರೇ ಒಳಗೆ.

ಕ್ರಾಸಿಂಗ್ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳ ಟಂಟಂ ಮನೆ ಮುಂದೆ ನಿಂತಾಗ ಒಬ್ಬಾಕೆ ಬಗ್ಗಿ ನೋಡಿದಳು.

"ಮಾಸ್ತರ, ಅಗಿಗೆ ಜ್ವರ ಬಂದೈತೇನ್ರಿ? ಒಳಗ ಹೊರಗ ಮಾಡಾಕ್ಹತ್ತೀರಿ."

"ನಿಂಗ ತಿಳಿಯಂಗಿಲ್ಲವಾ, ಇದು ಕೆನಡಾ ಪದ್ಧತಿ."

ಆಕೆ ಇಳಿದು ಬಂದು ಒಂದು ಕಾಂಡವನ್ನು ಎರಡು ಬೆರಳಲ್ಲಿ ಹಿಡಿದಳು. "ಬಿಸಲ ಕಂಡಿಲ್ಲ ಇವು, ನಿಂದ್ರಂಗಿಲ್ಲ. ಎಲಿ ಹಿಂದ ಬಿಳಿ ನೊಣಾನೂ ಕುಂತಾವ ನೋಡ್ರಿ, ಎಲಿ ಮುದುಡ್ತಾವ. ಅದಕ್ಕ ನರ್ಸರ್ಯಾಗ ಪರದಿ ಕಟ್ಟಿರ್ತಾರ. ಅಲ್ಲೇ ಹೋಗಿ ತಗೋರಿ, ರೂಪಾಯಿಗೊಂದು ಬರ್ತೈತಿ." ಟಂಟಂ ಹೊರಟುಹೋಯಿತು.

ವಾರದಲ್ಲಿ ಟ್ರೇ ಖಾಲಿಯಾಯಿತು. ಗಿರ್ಮಿಟ್ ಅಂಗಡಿಯಲ್ಲಿ ಎಲ್ಲರೂ ಬೇಕೆಂದೇ ಕೇಳಿದರು, ಏನಾತ್ರಿ ನಿಮ್ಮ ಅಗಿ ಎಂದು. ಮಾಸ್ತರು ಕಾರಣ ಕಂಡುಕೊಂಡೇ ಬಂದಿದ್ದರು.

"ಪದ್ಧತಿ ಬರೋಬ್ಬರಿ ಐತ್ರಿ. ಆದರ ನಮ್ಮೂರಾಗ ಥಂಡಿನ ಸಾಲಂಗಿಲ್ಲ ನೋಡ್ರಿ."

ಸದ್ಯ ಅವರು ಸೆಕೆಂಡ್‌ಹ್ಯಾಂಡ್ ಫ್ರಿಜ್ ಹುಡುಕುತ್ತಿದ್ದಾರೆ. ದೊಡ್ಡದು, ಟ್ರೇ ಹಿಡಿಸುವಂಥದ್ದು.