ನೆಕ್ಸ್ಟ್, ನೆಕ್ಸ್ಟ್, ಫಿನಿಷ್

ಮನೆಗೆ ಕಂಪ್ಯೂಟರ್ ತಂದದ್ದು ಬರೆಯುವುದಕ್ಕೆಂದು. ಮನೆಯವರಿಗೂ ಹಾಗೇ ಹೇಳಿದ್ದೆ, ಸಹಕಾರ ಸಂಘದ ಸಾಲದ ಅರ್ಜಿಯಲ್ಲೂ ಹಾಗೇ ತುಂಬಿದ್ದೆ. ಆದರೆ ಅದರ ಮುಂದೆ ಕೂತರೆ, ಬರೆಯುವುದಕ್ಕೆ ಮೊದಲು ಆಗಬೇಕಾದ ಕೆಲಸಗಳಿಗೆ ಕೊನೆಯೇ ಇರಲಿಲ್ಲ. ಹಿಂಬದಿಯ ಚಿತ್ರ ಹಿಡಿಸದು, ಬದಲಾಯಿಸಬೇಕು. ಮೌಸಿನ ಬಾಣ ತೀರಾ ಸಪ್ಪೆ, ಅದರ ಬಾಲಕ್ಕೆ ನಕ್ಷತ್ರ ಉದುರಿಸಬೇಕು. ಫೋಲ್ಡರ್ ಹಳದಿಯೇ ಯಾಕಿರಬೇಕು? ಗಡಿಯಾರ ಮೂಲೆಯಲ್ಲಿ ಮುದುಡಿ ಕೂತರೆ ಕಾಣುವುದು ಹೇಗೆ? ಇಂಥ ಒಂದೊಂದು ಕೊರತೆಗೂ ಒಂದೊಂದು ಪುಟ್ಟ ತಂತ್ರಾಂಶ ಎಲ್ಲೋ ಬಿಟ್ಟಿ ಸಿಗುತ್ತಿತ್ತು. ಅದನ್ನು ಇಳಿಸಿ, ಕೂರಿಸಿ, ಮೆಚ್ಚಿ, ಬೇಸರ ಬಂದು ಕಿತ್ತುಹಾಕುವಷ್ಟರಲ್ಲಿ ಊಟದ ಹೊತ್ತು. ಬಹಳ ದುಡಿದವನ ಗತ್ತಿನಲ್ಲಿ ತಟ್ಟೆಯ ಮುಂದೆ ಕೂರುತ್ತಿದ್ದೆ.

"ಎಷ್ಟು ಪುಟ ಆಯ್ತು ರೀ?"

"ಅಡಿಪಾಯ ಆಗಿದೆ."

ಮೊದಲ ಅಡಿಪಾಯ ವಾಲ್‌ಪೇಪರಿನದು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜತೆ ಬಂದ ಆ ಹಸಿರು ಗುಡ್ಡ, ನೀಲಿ ಆಕಾಶ ಯಾರಿಗೆ ನೆನಪಿಲ್ಲ? ಸೈಬರ್ ಕೆಫೆಯಲ್ಲಿ ಅದೇ, ಬ್ಯಾಂಕಿನಲ್ಲಿ ಅದೇ, ತಾಲ್ಲೂಕು ಕಚೇರಿಯ ಪಹಣಿ ಕೌಂಟರಿನಲ್ಲೂ ಅದೇ. ಕೊಪ್ಪದ ಕಡೆಯಿಂದ ಬಂದ ನಮ್ಮ ಪಕ್ಕದ ಮನೆಯವರು ಅದು ಕುದುರೆಮುಖದ ತಪ್ಪಲೆಂದು ಆಣೆ ಮಾಡುತ್ತಿದ್ದರು. ಅಲ್ಲ, ಅದು ಕ್ಯಾಲಿಫೋರ್ನಿಯಾದ ಸೊನೋಮಾ ಎಂಬ ಕಡೆಯದು, ಚಾರ್ಲ್ಸ್ ಒರಿಯರ್ ಎಂಬ ಛಾಯಾಗ್ರಾಹಕ 1996ರ ಜನವರಿಯಲ್ಲಿ ಗೆಳತಿಯನ್ನು ನೋಡಲು ಹೊರಟಿದ್ದವನು ದಾರಿಯಲ್ಲಿ ಕಾರು ನಿಲ್ಲಿಸಿ ತೆಗೆದದ್ದು ಎಂದು ವಿವರಿಸಿದೆ. ಗುಡ್ಡದ ಮೇಲೆ ಮೊದಲು ದ್ರಾಕ್ಷಿ ತೋಟವಿತ್ತಂತೆ, ಬೇರಿಗೆ ಕೀಟ ಹತ್ತಿ ಬಳ್ಳಿಗಳನ್ನೆಲ್ಲ ಕೀಳಬೇಕಾಯಿತಂತೆ, ಆ ಬೋಳು ಜಾಗದಲ್ಲಿ ಬೆಳೆದ ಹುಲ್ಲು ಇದು ಎಂದೂ ಹೇಳಿದೆ. ಅವರು ತೊಡೆ ತಟ್ಟಿಕೊಂಡರು. "ಹುಳ ಬಿದ್ದು ತೋಟ ಹೋಗಿದೆ ಅಂದ್ರೆ ನಮ್ಮ ಕಡೇದೇ ಅಲ್ವೇ ಸಾರ್!"

ಸ್ಕ್ರೀನ್ ಸೇವರಿಗೆ ಹುಟ್ಟುವಾಗ ಒಂದು ಘನ ಉದ್ದೇಶವಿತ್ತು. ಬೆನ್ನು ಉಬ್ಬಿದ ಹಳೆಯ ಮಾನಿಟರಿನಲ್ಲಿ ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಗಾಜಿನ ಒಳಗಿನ ಹೊಳೆಯುವ ಲೇಪ ಅಲ್ಲಲ್ಲೇ ಸವೆದು, ಅಕ್ಷರದ ನೆರಳು ಕಾಯಂ ಉಳಿದುಬಿಡುತ್ತಿತ್ತು. ಏನಾದರೊಂದು ಓಡಾಡುತ್ತಿದ್ದರೆ ಆ ತೊಂದರೆಯಿಲ್ಲ. 1989ರ ಆಫ್ಟರ್ ಡಾರ್ಕ್ ಎಂಬ ತಂತ್ರಾಂಶ ಅದಕ್ಕಾಗಿ ಬ್ರೆಡ್ ಸುಡುವ ಟೋಸ್ಟರುಗಳಿಗೆ ರೆಕ್ಕೆ ಹಚ್ಚಿ ಹಾರಿಸಿತು. ಟೋಸ್ಟರ್ ಯಾಕೆ ಹಾರಬೇಕೆಂದು ಯಾರೂ ಕೇಳಲಿಲ್ಲ. ಚಪ್ಪಟೆ ಮಾನಿಟರ್ ಬಂದ ಮೇಲೆ ಈ ಕಾರಣವೇನೋ ಹೋಯಿತು, ಸ್ಕ್ರೀನ್ ಸೇವರ್ ಹೋಗಲಿಲ್ಲ. ನಮ್ಮ ಕಚೇರಿಯಲ್ಲಿ ಅದಕ್ಕೆ ಬೇರೆ ಹುದ್ದೆಯೇ ಸಿಕ್ಕಿತು. ಸೂಪರಿಂಟೆಂಡೆಂಟರ ಪರದೆಯ ಮೇಲೆ ಬಣ್ಣಬಣ್ಣದ ಪೈಪುಗಳು ತಾವಾಗಿಯೇ ಬೆಳೆದು, ತಿರುವಿ, ಜೋಡಿಸಿಕೊಳ್ಳುತ್ತಿದ್ದವು. ಎದುರು ನಿಂತ ಹಳ್ಳಿಯವರೊಬ್ಬರು ಬಹಳ ಹೊತ್ತು ನೋಡಿ, "ಕುಡಿಯೋ ನೀರಿನ ಯೋಜನೆಯಾ ಸ್ವಾಮಿ?" ಎಂದು ಕೇಳಿದರಂತೆ. ಸಾಹೇಬರು ಹೌದೆಂದು ತಲೆಯಾಡಿಸಿದರಂತೆ.

ನನ್ನ ಭಾವಮೈದನದು ಇನ್ನೂ ದೊಡ್ಡ ಯೋಜನೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 1999ರಲ್ಲಿ ಸೆಟಿ ಅಟ್ ಹೋಮ್ ಎಂಬ ಸ್ಕ್ರೀನ್ ಸೇವರ್ ಬಿಟ್ಟರು. ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕಕ್ಕೆ ಆಕಾಶದಿಂದ ಬಂದ ರೇಡಿಯೊ ಸದ್ದನ್ನು ತುಂಡು ತುಂಡು ಮಾಡಿ ಹಂಚುತ್ತಿದ್ದರು. ನಮ್ಮ ಕಂಪ್ಯೂಟರ್ ಸುಮ್ಮನೆ ಕೂತಾಗ ಅದರಲ್ಲಿ ಅನ್ಯಲೋಕದವರ ದನಿ ಏನಾದರೂ ಇದೆಯೇ ಎಂದು ಜಾಲಿಸಿ ನೋಡಿ ವಾಪಸು ಕಳಿಸುವುದು. ಹುಡುಗ ರಾತ್ರಿಯೆಲ್ಲ ಯಂತ್ರ ಆರಿಸುತ್ತಿರಲಿಲ್ಲ. ತಿಂಗಳ ಕೊನೆಗೆ ಕರೆಂಟ್ ಬಿಲ್ ಹಿಡಿದು ಬಂದ ಮಾವನವರು ಶಾಂತವಾಗಿಯೇ ಹೇಳಿದರು: "ಆ ಲೋಕದೋರು ಯಾರಾದ್ರೂ ಸಿಕ್ಕಿದ್ರೆ ಮೊದಲು ಇದನ್ನ ಕೊಡಪ್ಪ." 2020ರ ಮಾರ್ಚಿನಲ್ಲಿ ಬರ್ಕ್ಲಿಯವರೇ ಹೊಸ ತುಂಡು ಕಳಿಸುವುದನ್ನು ನಿಲ್ಲಿಸಿದರು. ಬಿಲ್ ಕೊಡಲು ಅಲ್ಲಿಯವರೆಗೂ ಯಾರೂ ಸಿಕ್ಕಿರಲಿಲ್ಲ.

ಇಳಿಸಿಕೊಳ್ಳುವುದೇನು ಸಾಮಾನ್ಯದ ಮಾತೇ? ಫೋನಿನ ತಂತಿಗೇ ಮೋಡೆಮ್ ಸಿಕ್ಕಿಸಿ, ಅದು ಕೀರಲು ದನಿಯಲ್ಲಿ ಗೋಗರೆದ ಮೇಲೆ ಸಂಪರ್ಕ. ಡಬ್ಬಿಯ ಮೇಲೆ 56 ಕೆಬಿಪಿಎಸ್ ಎಂದು ಬರೆದಿರುತ್ತಿತ್ತು. ಆ ಲೆಕ್ಕಕ್ಕೆ 5 ಎಂಬಿಯ ತಂತ್ರಾಂಶ ಸುಮಾರು 12 ನಿಮಿಷಕ್ಕೆ ಬರಬೇಕು. ಲೆಕ್ಕ ಡಬ್ಬಿಯ ಮೇಲೆ ಮಾತ್ರ. ಇನ್ನು 4 ನಿಮಿಷ ಬಾಕಿ ಎಂದು ತೋರಿಸಿದ್ದು, ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಇನ್ನು 2 ಗಂಟೆ ಎನ್ನುತ್ತಿತ್ತು. ಶೇಕಡಾ 97 ಆದಾಗ ಸರಿಯಾಗಿ ಅತ್ತೆಗೆ ತಂಗಿಯ ಬಾಣಂತನದ ವಿಚಾರ ನೆನಪಾಗಿ ಫೋನ್ ಎತ್ತುತ್ತಿದ್ದರು. ಅಲ್ಲಿಗೆ ಎಲ್ಲ ಮೊದಲಿನಿಂದ. ಆಗ ಗೆಟ್‌ರೈಟ್, ಫ್ಲ್ಯಾಶ್‌ಗೆಟ್ ಎಂಬ ಪುಣ್ಯಾತ್ಮರು ಬಂದರು. ತುಂಡಾದಲ್ಲಿಂದಲೇ ಮುಂದುವರಿಸುವ ತಂತ್ರಾಂಶಗಳು. ಅವನ್ನು ಇಳಿಸಿಕೊಳ್ಳುವಾಗ ಮಾತ್ರ ಆ ಸೌಲಭ್ಯ ಇರಲಿಲ್ಲ.

ಬಂದ ಮೇಲೆ ಪ್ರತಿಷ್ಠಾಪನೆ. ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ, ನೆಕ್ಸ್ಟ್, ಫಿನಿಷ್. ನಡುವೆ ಬರುವ ಆ ಉದ್ದದ ಕರಾರು ಪತ್ರವನ್ನು ಓದಿದವರನ್ನು ನಾನಂತೂ ಕಂಡಿಲ್ಲ. ಅಮೆರಿಕದ ಪಿಸಿ ಪಿಟ್‌ಸ್ಟಾಪ್ ಎಂಬ ಕಂಪನಿಯವರಿಗೂ ಇದೇ ಅನುಮಾನ ಬಂದು, ಇಷ್ಟು ದೂರ ಓದಿದವರು ನಮಗೊಂದು ಪತ್ರ ಹಾಕಿ, ಬಹುಮಾನ ಕೊಡುತ್ತೇವೆ ಎಂದು ಕರಾರಿನ ಒಳಗೇ ಹುದುಗಿಸಿಟ್ಟರು. ನಾಲ್ಕು ತಿಂಗಳು ಕಳೆದು, 3,000ಕ್ಕೂ ಹೆಚ್ಚು ಸಲ ತಂತ್ರಾಂಶ ಇಳಿದ ಮೇಲೆ ಒಬ್ಬ ಬರೆದ. ಅವನಿಗೆ 1,000 ಡಾಲರ್ ಸಿಕ್ಕಿತು. ಮಿಕ್ಕವರಿಗೆ ಟೂಲ್‌ಬಾರ್ ಸಿಕ್ಕಿತು.

ಈ ಟೂಲ್‌ಬಾರ್ ಎಂಬುದು ತಂತ್ರಾಂಶದ ಬಂಧುಬಳಗ. ನಾವು ಕರೆದದ್ದು ಒಂದು ಗಡಿಯಾರವನ್ನು. ಅದು ಲಗ್ನಪತ್ರಿಕೆಯ ಒಕ್ಕಣೆಯಂತೆ ಸಕುಟುಂಬ ಸಪರಿವಾರ ಸಮೇತವಾಗಿ ಬಂದಿಳಿಯುತ್ತಿತ್ತು. ಹುಡುಕಲು ಒಂದು ಪಟ್ಟಿ, ಹವಾಮಾನಕ್ಕೆ ಒಂದು, ನಗುಮುಖಗಳಿಗೆ ಒಂದು. ಪಕ್ಕದ ಮನೆಯವರ ಬ್ರೌಸರಿನಲ್ಲಿ ಇವೆಲ್ಲ ಸಾಲುಗಟ್ಟಿ ಮೇಲಿನಿಂದ ಇಳಿದೂ ಇಳಿದೂ, ಸುದ್ದಿ ಓದಲು ನಾಲ್ಕು ಬೆರಳಿನಷ್ಟು ಕಿಂಡಿ ಉಳಿದಿತ್ತು. ಅವರು ಅದರಲ್ಲೇ ಅಡಿಕೆ ಧಾರಣೆ ನೋಡಿಕೊಳ್ಳುತ್ತಿದ್ದರು. ಆ ಕಾಲದ ಅತಿಥಿಗಳಲ್ಲಿ ಹೆಸರುವಾಸಿಯಾದದ್ದು ಬೊಂಜಿ ಬಡ್ಡಿ ಎಂಬ ನೇರಳೆ ಬಣ್ಣದ ಗೊರಿಲ್ಲಾ. ಪರದೆಯ ಮೇಲೆ ಓಡಾಡಿಕೊಂಡು ಜೋಕು ಹೇಳುವುದು, ಹಾಡುವುದು ಅದರ ಕೆಲಸ. ಮಕ್ಕಳ ವಿವರಗಳನ್ನು ತಂದೆತಾಯಿಯ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ್ದಕ್ಕೆ 2004ರಲ್ಲಿ ಅದರ ಯಜಮಾನರು ಅಮೆರಿಕ ಸರ್ಕಾರಕ್ಕೆ 75,000 ಡಾಲರ್ ದಂಡ ತೆತ್ತರು.

ಹಾಗೆಂದು ಎಲ್ಲವೂ ಕಳ್ಳರಲ್ಲ. ಇಂಥ ಪುಟ್ಟ ತಂತ್ರಾಂಶಗಳ ಹಿಂದೆ ಹೆಚ್ಚಾಗಿ ಇರುತ್ತಿದ್ದದ್ದು ಎಲ್ಲೋ ಕೂತು ನಿದ್ದೆಗೆಟ್ಟು ಬರೆದ ಒಬ್ಬನೇ ಒಬ್ಬ ಮನುಷ್ಯ. ಫೋಟೋ ನೋಡುವ ಇರ್ಫಾನ್‌ವ್ಯೂ 1996ರದು. ಬರೆದ ಇರ್ಫಾನ್ ಸ್ಕಿಲ್ಯನ್ ಬೋಸ್ನಿಯಾದಲ್ಲಿ ಹುಟ್ಟಿ ಆಸ್ಟ್ರಿಯಾಕ್ಕೆ ಹೋದವರು, ಮನೆ ಬಳಕೆಗೆ ಬಿಟ್ಟಿಯಾಗಿ ಕೊಟ್ಟರು. ಅದರ ಗುರುತು ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಚಪ್ಪಟೆಯಾದ ಒಂದು ಕೆಂಪು ಬೆಕ್ಕು. ಬಿಟ್ಟಿ ಕೊಟ್ಟವರನ್ನು ಯಾಕೆ ಎಂದು ಕೇಳುವುದು ಮರ್ಯಾದೆಯಲ್ಲ. ಇನ್ನು ವಿನ್‌ರಾರ್. 40 ದಿನ ಬಳಸಿ ನೋಡಿ, ಆಮೇಲೆ ಕೊಂಡುಕೊಳ್ಳಿ ಎನ್ನುತ್ತದೆ. 41ನೆಯ ದಿನ ಕೇಳುತ್ತದೆ, ನಾವು ಕಿಟಕಿ ಮುಚ್ಚುತ್ತೇವೆ, ಅದು ಕೆಲಸ ಮಾಡಿಕೊಡುತ್ತದೆ. ಮರುದಿನ ಮತ್ತೆ ಕೇಳುತ್ತದೆ. ದಾಕ್ಷಿಣ್ಯಕ್ಕೆ ಸಿಕ್ಕಿ ಮನೆ ಹಾಳು ಮಾಡಿಕೊಂಡವರ ಕಥೆಗಳು ನಮ್ಮಲ್ಲಿ ಊರಿಗೊಂದಿವೆ. ದಾಕ್ಷಿಣ್ಯದಲ್ಲೇ ಇಷ್ಟು ಕಾಲ ಬಾಳಿದವನು ಇವನೊಬ್ಬನೇ.

ವಿನ್‌ಆಂಪ್ ಮಾತ್ರ ಶುದ್ಧ ಶೋಕಿಯವನು. 1997ರಲ್ಲಿ ಜಸ್ಟಿನ್ ಫ್ರಾಂಕೆಲ್ ಎಂಬ ಹದಿಹರೆಯದ ಹುಡುಗ ಬಿಟ್ಟ ಈ ಹಾಡುಪೆಟ್ಟಿಗೆಗೆ ಬೇಕುಬೇಕಾದ ಸ್ಕಿನ್ ತೊಡಿಸಬಹುದಿತ್ತು. ಮರದ್ದು, ತುಕ್ಕು ಹಿಡಿದ ಕಬ್ಬಿಣದ್ದು, ಆಕಾಶನೌಕೆಯದು. ಸ್ಕಿನ್ ಎಷ್ಟು ಸೊಗಸೋ ಅಷ್ಟು ಕಷ್ಟ ಅದರಲ್ಲಿ ಗುಂಡಿ ಹುಡುಕುವುದು. ಆಕಾಶನೌಕೆ ತೊಡಿಸಿದ ದಿನ ಪಿ.ಬಿ. ಶ್ರೀನಿವಾಸರನ್ನು ನಿಲ್ಲಿಸುವುದು ಎಲ್ಲಿ ಎಂದು ಯಾರಿಗೂ ತಿಳಿಯದೆ, ಅವರು ಅರ್ಧ ರಾತ್ರಿಯವರೆಗೆ ಹಾಡಿದರು. ಯಾರೂ ದೂರಲಿಲ್ಲ.

ಈ ಆಟಿಕೆಗಳ ಗುಂಪಿನಲ್ಲಿ ಒಂದು ಮಾತ್ರ ಆಟಿಕೆಯಾಗಿರಲಿಲ್ಲ. ಶೇಷಾದ್ರಿವಾಸು ಅವರು 1998ರಲ್ಲಿ ಬಿಟ್ಟ 'ಬರಹ'. ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಅಕ್ಷರ ಮೂಡಿದ್ದನ್ನು ಮೊದಲ ಸಲ ಕಂಡಾಗ ಮನೆಯವರನ್ನೆಲ್ಲ ಕೂಗಿ ಕರೆದು ಅವರವರ ಹೆಸರು ಬರೆದು ತೋರಿಸಿದ್ದೇನೆ. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಕೆ.ಪಿ. ರಾಯರ ಕೀಲಿಮಣೆ ಬೆರಳಿಗೆ ಕೂತಿತು. ತೊಂದರೆ ಒಂದೇ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ, 'ಕನ್ನಡ' ಎಂದು ಬರೆದದ್ದು ಒಂದು ಪಿ, ನೆತ್ತಿಯ ಮೇಲೆ ಗೀರು ಹೊತ್ತ ಒಂದು ಎ, ಅದರ ಪಕ್ಕ ಬ್ರಿಟಿಷರ ಪೌಂಡಿನ ಚಿಹ್ನೆಯಾಗಿ ಕಾಣುತ್ತಿತ್ತು. ಲೇಖನ ಕಳಿಸಿದ ಮೇಲೆ ಪತ್ರಿಕೆಯಿಂದ ಫೋನು ಬರುತ್ತಿತ್ತು.

"ಸಾರ್, ಯಾವುದರಲ್ಲಿ ಕಳಿಸಿದೀರಿ?"

"ಕನ್ನಡದಲ್ಲೇ ಕಣಮ್ಮ."

"ಅದು ಗೊತ್ತು ಸಾರ್. ಯಾವ ಕನ್ನಡ? ನುಡಿನಾ, ಬರಹನಾ, ಯೂನಿಕೋಡಾ?"

ಪಂಪನಿಗೆ ಈ ಕಾಟ ಇರಲಿಲ್ಲ.

2007ರ ವಿಸ್ಟಾದಲ್ಲಿ ಮೈಕ್ರೊಸಾಫ್ಟಿನವರೇ ಪರದೆಯ ಅಂಚಿಗೆ ಗಡಿಯಾರ, ಕ್ಯಾಲೆಂಡರ್, ಹವಾಮಾನದ ಪುಟ್ಟ ಗ್ಯಾಜೆಟ್ ತೂಗುಹಾಕಿದರು. ಇವುಗಳ ಮೂಲಕ ಕನ್ನ ಹಾಕಬಹುದು, ತೆಗೆದುಬಿಡಿ ಎಂದು 2012ರಲ್ಲಿ ಅವರೇ ಹೇಳಿದರು. ನನಗೆ ಅವುಗಳಲ್ಲಿ ಪ್ರಿಯವಾಗಿದ್ದದ್ದು ಕಂಪ್ಯೂಟರಿನ ಆಯಾಸ ತೋರಿಸುವ ಮೀಟರು. ಮೆಮೊರಿ ಎಷ್ಟು ಖರ್ಚಾಗುತ್ತಿದೆ ಎಂದು ಮುಳ್ಳು ಅಲ್ಲಾಡಿಸಿ ತೋರಿಸುತ್ತಿತ್ತು. ಆ ಖರ್ಚಿನಲ್ಲಿ ಅದರದೂ ಒಂದು ಪಾಲಿತ್ತು. ಸಂಬಳ ತೆಗೆದುಕೊಂಡು ಮಿತವ್ಯಯ ಬೋಧಿಸುವ ಅಧಿಕಾರಿಗಳ ಕೈಕೆಳಗೆ ಕೆಲಸ ಮಾಡಿದವನಿಗೆ ಇದೇನೂ ಹೊಸದೆನಿಸಲಿಲ್ಲ.

ಈಚೆಗೆ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಸಾಫ್ಟ್‌ವೇರಿನವನು. ನನ್ನ ಪರದೆಯ ಮೇಲಿನ ಗಡಿಯಾರ, ತೇಲುವ ಐಕಾನು, ಬಾಣದ ಹಿಂದೆ ಓಡುವ ಬೆಕ್ಕು ಎಲ್ಲ ನೋಡಿ, "ಇದೆಲ್ಲ ಯಾವ ಕಾಲದ್ದು ಮಾಮ?" ಎಂದು ಮರುಕಪಟ್ಟ. ನಿನ್ನದು ತೋರಿಸು ಎಂದೆ. ತೆರೆದ. ಲಿನಕ್ಸು. ಕಪ್ಪು ಪರದೆ, ಐಕಾನು ಒಂದೂ ಇಲ್ಲ, ಕಿಟಕಿಗಳು ತಾವಾಗಿಯೇ ಅಕ್ಕಪಕ್ಕ ಸರಿದು ಜಾಗ ಮಾಡಿಕೊಳ್ಳುತ್ತವೆ. ನಡುವಿನ ಅಂಚು ಎಂಟು ಪಿಕ್ಸೆಲ್ ಇತ್ತಂತೆ, ಹತ್ತು ಮಾಡಿ ನೋಡಿದನಂತೆ, ಒಗ್ಗದೆ ಮತ್ತೆ ಎಂಟಕ್ಕೇ ತಂದನಂತೆ. ಅಕ್ಷರದ ಬಣ್ಣವನ್ನು ವಾಲ್‌ಪೇಪರಿಗೆ ಹೊಂದಿಸಲು ಒಂದು ಪ್ರೋಗ್ರಾಂ ಬರೆದಿದ್ದಾನಂತೆ. ಶನಿವಾರ, ಭಾನುವಾರ ಪೂರ್ತಿ ಹಿಡಿಯಿತಂತೆ. ಮೇಲಿನ ಮೂಲೆಯಲ್ಲಿ ಸಣ್ಣದೊಂದು ಮೀಟರು ಮೆಮೊರಿ ಖರ್ಚನ್ನು ತೋರಿಸುತ್ತಿತ್ತು.

"ಬಹಳ ಚೆನ್ನಾಗಿದೆ ಕಣೋ. ಇದರಲ್ಲಿ ಏನು ಕೆಲಸ ಮಾಡ್ತೀಯ?"

"ಕೆಲಸಾನಾ? ಅದಕ್ಕೆ ಆಫೀಸ್‌ನೋರು ಬೇರೆ ಲ್ಯಾಪ್‌ಟಾಪ್ ಕೊಟ್ಟಿದಾರೆ ಮಾಮ. ಅದ್ರಲ್ಲಿ ವಾಲ್‌ಪೇಪರ್ ಬದಲಾಯಿಸೋಕೂ ಬಿಡಲ್ಲ."