ನಕಾಶೆ ಕಂಡ ದಾರಿ

ಭಟ್ಕಳದಲ್ಲಿ ಹೊರದೇಶವೆಂದರೆ ದುಬೈ. ನಾನು ಮದುವೆಯಾಗಿ ಲಂಡನ್ನಿಗೆ ಹೊರಟಾಗ ತವರಿನ ಓಣಿಯಲ್ಲಿ ಕೇಳಿದವರಿಗೆಲ್ಲ, ಅದು ದುಬೈಯಿಂದ ಇನ್ನೂ ಮುಂದೆ ಎಂದು ಬಿಡಿಸಿ ಹೇಳಬೇಕಾಗಿತ್ತು. ಅದನ್ನೇನೋ ಹೇಳಿ ಮುಗಿಸಿದೆ. ಆದರೆ ರಜಾದಿನ ಬಂದರೆ ನಾವು ಅಲ್ಲಿ ಮಾಡುವುದೇನು ಎಂಬುದನ್ನು ಮಾತ್ರ ಇವತ್ತಿಗೂ ಯಾರಿಗೂ ತಿಳಿಹೇಳಲು ಆಗಿಲ್ಲ. ನಾವು ನಡೆಯುತ್ತೇವೆ. ಎರಡೂ ಊರಿಗೆ ರೈಲಿದೆ. ಆದರೂ ಒಂದೂರಲ್ಲಿ ಇಳಿದು, ಬೆನ್ನಿಗೆ ಚೀಲ ಏರಿಸಿ, ಹೊಲ, ಕೆಸರು, ಕುರಿಮಂದೆಯ ನಡುವೆ ಹಾದು, ಇನ್ನೊಂದೂರಲ್ಲಿ ಅದೇ ರೈಲು ಹತ್ತಿ ಮನೆಗೆ ಬರುತ್ತೇವೆ.

ಮಾವ ಹೊನ್ನಾವರದ ಕಡೆಯವರು. ಹಳದೀಪುರದ ಈಚೆ ಅಡಿಕೆ, ತೆಂಗಿನ ತೋಟವಿದೆ. ಪಕ್ಕದ ತೋಟದವರ ಜೊತೆ ಒಂದು ದಾರಿ ತಕರಾರೂ ಇದೆ. ತೋಟಕ್ಕಿಂತ ತಕರಾರಿಗೇ ಅವರ ಆರೈಕೆ ಹೆಚ್ಚು. ಅತ್ತೆಯ ತವರು ಕುಮಟೆ. ಇಬ್ಬರೂ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಾಗ ಚೆಸ್ ಕಣಿವೆಯ ದಾರಿಗೆ ಕರೆದುಕೊಂಡು ಹೋದೆವು. ರಿಕ್‌ಮನ್ಸ್‌ವರ್ತ್‌ನಿಂದ ಚೆಶಮ್‌ವರೆಗೆ ಹತ್ತು ಮೈಲಿ. ಎರಡೂ ಊರು ಲಂಡನ್ನಿನ ಮೆಟ್ರೋಪಾಲಿಟನ್ ಲೈನಿನ ಮೇಲಿವೆ, ಹಾಗಾಗಿ ಸೋತವರು ಅರ್ಧದಲ್ಲಿ ನಿಂತರೂ ದಿಕ್ಕೆಟ್ಟು ಹೋಗುವುದಿಲ್ಲ ಎಂಬ ಲೆಕ್ಕ ನಮ್ಮದು.

ಮಾವ ಸೋಲಲಿಲ್ಲ. ಗೋಧಿ ಹೊಲದ ಅಂಚಿಗೆ ಬಂದು ನಿಂತರು. ಮರದ ಕಂಬಕ್ಕೊಂದು ಹಳದಿ ಬಾಣ, ಅದು ತೋರಿಸುತ್ತಿದ್ದದ್ದು ನೇರ ಬೆಳೆಯ ನಡುವೆ.

"ಇದು ಯಾರ ಹೊಲ?"

"ಯಾರದ್ದೋ."

"ಕೇಳಿದ್ಯನೋ?"

"ಕೇಳಬೇಕಂತಿಲ್ಲ ಅಪ್ಪಾ," ಎಂದರು ಇವರು.

ಕೇಳಬೇಕಂತಿಲ್ಲ ಎಂಬ ಮಾತು ಮಾವನ ಕಿವಿಗೆ ಬಿದ್ದ ಮೇಲೆ ಆ ನಡಿಗೆ ನಡಿಗೆಯಾಗಿ ಉಳಿಯಲಿಲ್ಲ, ವಿಚಾರಣೆಯಾಯಿತು. 1949ರ ಕಾಯಿದೆಯ ಪ್ರಕಾರ ಕೌಂಟಿ ಕೌನ್ಸಿಲ್‌ಗಳು ಸಾರ್ವಜನಿಕ ಕಾಲುದಾರಿಗಳನ್ನೆಲ್ಲ ನಕ್ಷೆಯಲ್ಲಿ ದಾಖಲಿಸಬೇಕಾಯಿತು. ನಕ್ಷೆಯಲ್ಲಿ ಬಂದರೆ ಅದೇ ಸಾಕ್ಷಿ. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ಹಕ್ಕಿನ ದಾರಿಗಳ ಒಟ್ಟು ಉದ್ದ ಸುಮಾರು 2.25 ಲಕ್ಷ ಕಿಲೋಮೀಟರು. ಬಿತ್ತನೆಗೆಂದು ಹೊಲದ ನಡುವಿನ ದಾರಿಯನ್ನು ಉತ್ತರೆ ರೈತ 14 ದಿನದೊಳಗೆ ಅದನ್ನು ಮೊದಲಿನಂತೆ ಮಾಡಿಕೊಡಬೇಕು, ಅಗಲ ಕನಿಷ್ಠ ಒಂದು ಮೀಟರ್ ಇರಬೇಕು. ಇಷ್ಟು ಕೇಳಿದ್ದೇ ಮಾವ ಕೊಡೆಯನ್ನು ಅಡ್ಡಲಾಗಿ ಹಿಡಿದು ದಾರಿ ಅಳೆದರು. ಒಂದು ಕಡೆ ನಾಲ್ಕು ಬೆರಳು ಕಡಿಮೆ ಬಂತು. "ಇದರ ಮೇಲೆ ಅರ್ಜಿ ಕೊಡ್ಲಕ್ಕು," ಎಂದರು, ಮುಖ ಅರಳಿಸಿಕೊಂಡು.

ಆಮೇಲೆ ಹೊಲ ದಾಟಿದರು. ದಾಟಿ ತಿರುಗಿ ಬಂದರು. ಮತ್ತೆ ದಾಟಿದರು. ಇನ್ನೊಬ್ಬನ ಬೆಳೆಯ ನಡುವೆ ಹಕ್ಕಿನಿಂದ ಕಾಲು ಹಾಕುವ ಸುಖವನ್ನು ಅವರು ಕವಳದ ಹಾಗೆ ದವಡೆಯಲ್ಲಿಟ್ಟುಕೊಂಡೇ ಮಧ್ಯಾಹ್ನದವರೆಗೆ ನಡೆದರು. 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ, ಜಮೀನ್ದಾರರ ಕಾವಲುಗಾರರನ್ನು ಲೆಕ್ಕಿಸದೆ ಮ್ಯಾಂಚೆಸ್ಟರ್ ಕಡೆಯ ಕಾರ್ಮಿಕ ಹುಡುಗರು ನುಗ್ಗಿದ್ದು, ಅವರಲ್ಲಿ ಐವರು ಜೈಲಿಗೆ ಹೋಗಿದ್ದು, ಇದನ್ನೆಲ್ಲ ಮಗ ಶಾಲೆಯಲ್ಲಿ ಕಲಿತ ಹುಮ್ಮಸ್ಸಿನಲ್ಲಿ ಹೇಳಿದ. ಮಾವ ನಿಂತುಬಿಟ್ಟರು. ಅಂಕೋಲೆಯಲ್ಲಿ 1930ರಲ್ಲಿ ಉಪ್ಪು ಮಾಡಿ ಜೈಲು ಕಂಡವರ ಬಗ್ಗೆ ಮಾತಾಡುವಾಗ ಅವರ ದನಿ ಹೇಗಾಗುತ್ತದೋ ಹಾಗಾಗಿತ್ತು. "ದಾರಿ ಸಲುವಾಗಿ ಜೈಲಿಗೆ ಹೋದರಾ! ಭಲೆ!"

ಅತ್ತೆಯ ಅಭಿಪ್ರಾಯ ಬೇರೆ ಇತ್ತು. ಚೆಶಮ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬೂಟು ಬಿಚ್ಚುತ್ತ ಹೇಳಿದರು: "ಇಷ್ಟು ಮನೆ ಮುಂದೆ ಹಾದು ಬಂದ್ವಲೆ ತಂಗಿ, ಒಬ್ಬರಾದ್ರೂ ಆಸ್ರಿಗೆ ಬೇಕಾ ಕೇಳಿದ್ವಾ?"

ಇಲ್ಲೊಂದು ವಿಷಯ ಹೇಳಿಬಿಡಬೇಕು. ಹೊನ್ನಾವರದ ತಕರಾರಿನಲ್ಲಿ ಮಾವ ದಾರಿ ಕೇಳಿದವರಲ್ಲ. ಬೇಲಿ ಹಾಕಿದವರು.

ಮುಂದಿನ ಡಿಸೆಂಬರಿನಲ್ಲಿ ನಾವು ಊರಿಗೆ ಹೋದಾಗ ಮಗ ಒಂದೇ ಹಠ ಹಿಡಿದ. ಹೊನ್ನಾವರದಿಂದ ಕುಮಟೆಯ ಅಜ್ಜಿಮನೆಗೆ ನಡೆದೇ ಹೋಗಬೇಕು, ಅದೂ ಕಾಲುದಾರಿಯಲ್ಲಿ. ಹೆದ್ದಾರಿಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರು, ಕೈ ತೋರಿಸಿದಲ್ಲಿ ನಿಲ್ಲುವ ಟೆಂಪೋ ಬೇಕಾದಷ್ಟು. ಸುದ್ದಿ ಸಂಜೆಯೊಳಗೆ ಕೇರಿಯೆಲ್ಲ ಹಬ್ಬಿತು. "ಧಾರೇಶ್ವರಕ್ಕೆ ಹರಕೆ ಇತ್ತಾ?" ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು, ದನಿ ತಗ್ಗಿಸಿ, "ಇವನ ಕೆಲಸಕ್ಕೆ ಎಂತಾರೂ ಆಯ್ತನೇ ಅಲ್ಲಿ?" ಎಂದರು. ಕುಮಟೆಯಿಂದ ಗೋಕರ್ಣಕ್ಕೆ ಕಡಲತಡಿ ಹಿಡಿದು ಬೆಂಗಳೂರಿನ ಹುಡುಗರು ಗುಂಪುಗುಂಪಾಗಿ ನಡೆಯುವುದು, ಅಘನಾಶಿನಿಯಲ್ಲಿ ತಾರಿ ಹತ್ತಿ ತದಡಿಯಲ್ಲಿ ಇಳಿಯುವುದು ಎಲ್ಲರಿಗೂ ಗೊತ್ತು. ಅದಕ್ಕೆ ಅವರು ದುಡ್ಡು ಕಟ್ಟಿ ಬಂದಿರುತ್ತಾರೆ, ಹಾಗಾಗಿ ಅದು ಟ್ರೆಕ್ಕಿಂಗ್. ಪುಕ್ಕಟೆ ನಡೆಯುವವರ ಬಗ್ಗೆ ಊರಿಗೆ ಅನುಮಾನವೇ.

ಇವರು ಇತಿಹಾಸದ ಆಸರೆ ಹಿಡಿದರು. "ಅಪ್ಪಾ, ಬುಕಾನನ್ 1801ರಲ್ಲಿ ಭಟ್ಕಳ, ಹೊನ್ನಾವರ ಎಲ್ಲ ಸುತ್ತಿಕೊಂಡೇ ಹೋದನಲ್ಲ, ಆ ಪ್ರವಾಸದ ಬಗ್ಗೆ ಅವನು ಬರೆದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲೇ ಅಚ್ಚಾಗಿದ್ದು."

"ಅವನಿಗೆ ಕಂಪೆನಿ ಸಂಬಳ ಕೊಡ್ತಿತ್ತು," ಎಂದರು ಮಾವ.

ಮೊಬೈಲಿನ ನಕ್ಷೆಯಲ್ಲಿ ಹೆದ್ದಾರಿ ಇತ್ತು, ಕೊಂಕಣ ರೈಲ್ವೆ ಇತ್ತು. ಕಾಲುದಾರಿ ಇರಲಿಲ್ಲ. ಕಾಲುದಾರಿ ಇದ್ದದ್ದು ಜನರ ಬಾಯಲ್ಲಿ. "ಶಾಲೆ ಹಿಂದಿನ ಸಂಕ ದಾಟಿ, ಮೊದಲು ಹಲಸಿನಮರ ಇತ್ತಲ್ಲ, ಅಲ್ಲಿ ಎಡಕ್ಕೆ ತಿರುಗು."

"ಈಗ ಮರ ಇಲ್ವಾ?" ಎಂದ ಮಗ.

"ಇಲ್ಲೆ, ಕಡಿದು ಎಷ್ಟೋ ವರ್ಷ ಆತು."

"ಮತ್ತೆ ಗೊತ್ತಾಗೋದು ಹ್ಯಾಗೆ?"

"ಯಾರ ಹತ್ರಾದ್ರೂ ಕೇಳು. ಹಲಸಿನಮರ ಇದ್ದಲ್ಲಿ ಅಂದ್ರೆ ಹೇಳ್ತ್ರು."

ಮಗನಿಗೆ ಇದರಿಂದ ಸಮಾಧಾನವಾಗಲಿಲ್ಲ. ಅವನಿಗೆ ನಕ್ಷೆ ಬೇಕು. ಅಜ್ಜನ ಕಪಾಟಿನಲ್ಲಿ, ಕೋರ್ಟು ಕಾಗದದ ಕಟ್ಟಿನಲ್ಲಿ, ಸರ್ವೆ ಇಲಾಖೆಯ ಗ್ರಾಮ ನಕಾಶೆ ಇದೆಯೆಂಬುದನ್ನು ಯಾರು ಹೇಳಿದರೋ, ನಾನಂತೂ ಅಲ್ಲ. ಜಗಲಿಯ ಮೇಲೆ ಹಾಸಿಕೊಂಡು ಕೂತ. ನಮ್ಮ ಗ್ರಾಮ ನಕಾಶೆಗಳಲ್ಲಿ ಬಂಡಿದಾರಿಗೆ ಎರಡು ಸಾಲು ತುಂಡು ಗೆರೆ, ಕಾಲುದಾರಿಗೆ ಒಂದೇ ಸಾಲು. ಅಲ್ಲಿನ ನಕ್ಷೆಯಲ್ಲಿ ಹಸಿರು ತುಂಡು ಗೆರೆ ಓದಿ ಬೆಳೆದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕೆ?

"ಅಜ್ಜಾ, ಇಲ್ಲಿ ಫುಟ್‌ಪಾತ್ ಇದೆ! ನಿಮ್ಮ ತೋಟದ ನಡುವೆಯೇ ಹೋಗಿದೆ!"

ಮಾವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಅದು ಕಾಗದ ಮಡಚಿದ ಗೆರೆ, ತಮಾ."

"ಮಡಚಿದ್ದು ತುಂಡುತುಂಡಾಗಿರುತ್ತಾ?"

"ಹಳೇ ಕಾಗದ. ಅಲ್ಲಲ್ಲಿ ಮಡಚಿದ್ದ."

ನಕಾಶೆ ಕಂಡ ದಾರಿ ಎಂದರೆ ತಹಶೀಲ್ದಾರರ ಕಚೇರಿಯಲ್ಲಿ ಏನು ತೂಕವೆಂದು ಮಾವನಿಗಿಂತ ಚೆನ್ನಾಗಿ ಬಲ್ಲವರು ಹೊನ್ನಾವರ ತಾಲೂಕಿನಲ್ಲಿ ಕಡಿಮೆ. ಹಾಗೆಂದೇ ಅವರು ಆ ಮಧ್ಯಾಹ್ನ ಊಟಕ್ಕೆ ಕೂತಾಗ, ಗೆರೆಯನ್ನು ಬಿಟ್ಟು ಬಳಕೆಯ ಮೇಲೆ ವಾದ ಹೂಡಿದರು. ದಾರಿ ಎಂದಾದರೂ ಇದ್ದಿರಬಹುದು, ಆದರೆ ಯಾರೂ ನಡೆಯುತ್ತಿಲ್ಲ. 1882ರ ಈಸ್‌ಮೆಂಟ್ ಕಾಯಿದೆಯಲ್ಲೇ ಇದೆ, ಎಡೆಬಿಡದೆ 20 ವರ್ಷ ನಡೆದಿದ್ದರೆ ಹಕ್ಕು. ನಿಮ್ಮ ಇಂಗ್ಲೆಂಡಿನ 1980ರ ಹೆದ್ದಾರಿ ಕಾಯಿದೆಯಲ್ಲೂ 20 ವರ್ಷವೇ ಅಲ್ಲವೇ? ಬೇಲಿ ಹಾಕಿಯೇ ಅದಕ್ಕಿಂತ ಹೆಚ್ಚಾಯಿತು.

ಅತ್ತೆ ಮಜ್ಜಿಗೆ ಬಡಿಸುತ್ತಿದ್ದವರು ಸೌಟು ಹಿಡಿದೇ ಹೇಳಿದರು: "ನಾನು ದಿನಾ ಹೋಗ್ತೆ."

ಯಾರೂ ಮಾತಾಡಲಿಲ್ಲ.

"ಕೊಟ್ಟಿಗೆ ಹಿಂದೆ ಬೇಲಿ ತಟ್ಟಿ ಸಡಿಲ ಇದ್ದು. ಕರಿಬೇವು ನಮ್ಮಲ್ಲಿ ಎಲ್ಲಿದ್ದು? ಆಚೆಮನೆ ಅಕ್ಕನೂ ಬರ್ತು, ನಮ್ಮ ಬಾವಿ ನೀರು ಬೇಳೆ ಬೇಯಲೆ ಚೊಲೋ ಹೇಳಿ. ಬೇಲಿ ಹಾಕಿದ ವಾರದಿಂದಲೇ."

ಕೋರ್ಟಿಗೆ ಅಲೆದು ಅಲೆದು ಬಿಳಿಯಾದ ಗಡ್ಡವನ್ನು ಮಾವ ಎರಡು ಸಲ ನೀವಿಕೊಂಡರು. ಮಗ ಬೆರಳು ಮಡಚಿ ವರ್ಷ ಎಣಿಸುತ್ತಿದ್ದ. ಇವರು ತಲೆ ಎತ್ತದೆ ಅನ್ನ ಕಲಸುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಮಾವನ ಮುಖಕ್ಕೆ ಕಳೆ ಮರಳಿತು. ಕಾಯಿದೆಯಲ್ಲಿ ಅವರಿಗೆ ಇನ್ನೊಂದು ಶಬ್ದ ಸಿಕ್ಕಿತ್ತು.

"ಬಹಿರಂಗವಾಗಿ ನಡೆದಿರವು ಹೇಳಿ ಇದ್ದು. ನಾನು ಮಲಗಿದಾಗ ಕದ್ದು ಹೋಗಿದ್ದು ಲೆಕ್ಕಕ್ಕಿಲ್ಲೆ. ಲಂಡನ್ನಿನಲ್ಲೂ ಇಲ್ಲೆ, ಇಲ್ಲೂ ಇಲ್ಲೆ."

"ಹೌದಾ?" ಎಂದರು ಅತ್ತೆ, ಅವರ ಬಾಳೆಗೆ ಇನ್ನೊಂದು ಸೌಟು ಮಜ್ಜಿಗೆ ಹಾಕಿ. "ಹಂಗಾರೆ ನಾಳೆ ನಿಮ್ಮ ಎದುರೇ ಹೋಗ್ತೆ. ಮಾಣಿಯನ್ನೂ ಕರ್ಕಂಡು, ಅಲ್ಲಿಂದಲೇ ಕುಮಟೆಗೆ."