ಹಡಗದಾಗ ಚಾ ಎಲ್ಲೆ ಕಾಸ್ತಿದ್ರು?

ತೋಪು ನೋಡಿ ಬಂದವರು ಮೊದಲು ಹೇಳುವುದು ಅದರ ತೂಕ. ಪಕ್ಕದ ಮನೆ ಕಾಕಾನೂ ಹಾಗೇ. ವಿಜಯಪುರಕ್ಕೆ ಹೋಗಿ ಬಂದಾಗಲೆಲ್ಲ ಬೇಲಿಯಾಚೆಯಿಂದ ಅದೇ ವರದಿ: "ಮಲಿಕ್-ಎ-ಮೈದಾನ್, 55 ಟನ್ ಐತ್ರಿ ಮಾಸ್ತರ!" ಬುರುಜಿನ ಮೇಲೆ ತಾವೇ ಹೊತ್ತು ಏರಿಸಿ ಬಂದವರ ಹಾಗೆ ಬೆವರು ಬೇರೆ ಒರೆಸಿಕೊಳ್ಳುತ್ತಾರೆ.

1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ತೋಪದು. ಮೂತಿ ಸಿಂಹದ್ದು, ಬಾಯಲ್ಲಿ ಸಿಕ್ಕಿದ್ದು ಆನೆ. ನನಗೆ ಮಾತ್ರ ತೂಕಕ್ಕಿಂತ ಅದರ ಬೆಲೆಯ ಕತೆಯೇ ರುಚಿ. 1854ರಲ್ಲಿ ಕಂಪನಿ ಸರಕಾರದವರು ಅದನ್ನು ಲಿಲಾವಿಗೆ ಇಟ್ಟರು. ಬಂದ ಸವಾಲು 150 ರೂಪಾಯಿ! ಇಷ್ಟಕ್ಕೆ ಕೊಡುವುದು ಬೇಡವೆಂದು ಕೈಬಿಟ್ಟಿದ್ದರಿಂದ ತೋಪು ಉಳಿಯಿತು. ಇದನ್ನು ಹೇಳಿದರೆ ಕಾಕಾಗೆ ಸಿಟ್ಟು. "ನೂರಾ ಐವತ್ತಕ್ಕ ಈಗ ಒಂದು ಕಿಲೋ ಪೇಢೆನೂ ಬರಂಗಿಲ್ಲ ಬಿಡ್ರಿ" ಅಂತಾರೆ.

ಕಾಕು ನೋಡುವ ರೀತಿಯೇ ಬೇರೆ. ಸಂಘದ ಹೆಣ್ಣುಮಕ್ಕಳ ಜೊತೆ ಕಾರವಾರಕ್ಕೆ ಹೋಗಿದ್ದರು. ಅಲ್ಲಿ ಟಾಗೋರ್ ಕಡಲತೀರದಲ್ಲಿ ನೌಕಾಪಡೆಯ 'ಚಪಲ್' ಯುದ್ಧನೌಕೆಯನ್ನು ದಡಕ್ಕೇರಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ರಷ್ಯಾದ ಓಸಾ ಜಾತಿಯ ಕ್ಷಿಪಣಿ ದೋಣಿ, ನಾಲ್ಕು ಕ್ಷಿಪಣಿ ಹೊರುವಂಥದ್ದು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಬೆಂಕಿ ಹಚ್ಚಿ ಬಂದದ್ದು ಇದೇ ಜಾತಿಯ ದೋಣಿಗಳು. ನಾನು ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದರೆ ಕಾಕು ಹಪ್ಪಳ ತಿರುವಿ ಹಾಕುತ್ತ ಕೇಳಿದರು:

"ಅದಿರಲಿ ಮಾಸ್ತರ, ಅಷ್ಟು ಇಕ್ಕಟ್ಟಿನಾಗ ಅವ್ರು ಚಾ ಎಲ್ಲೆ ಕಾಸ್ತಿದ್ರು?"

ನನಗೆ ಉತ್ತರ ತಿಳಿಯಲಿಲ್ಲ. ಎಷ್ಟು ದೂರ ಹಾರುತ್ತಿತ್ತು, ಎಷ್ಟು ವೇಗ, ಎಷ್ಟು ಟನ್ — ಇವನ್ನು ಬರೆಯದ ಫಲಕ ಯಾವ ಸಂಗ್ರಹಾಲಯದಲ್ಲೂ ಇರಲಿಕ್ಕಿಲ್ಲ. ಒಳಗಿದ್ದವನು ಏನು ಉಂಡ, ಯಾರಿಗೆ ಕಾಗದ ಬರೆದ ಎಂಬುದನ್ನು ಹುಡುಕಿಕೊಂಡು ಹೋಗಬೇಕು. ಲಂಡನ್ನಿನವರು ತಮ್ಮ ದೊಡ್ಡ ಯುದ್ಧ ಸಂಗ್ರಹಾಲಯ ಇಟ್ಟದ್ದು ಹಳೆಯ ಹುಚ್ಚಾಸ್ಪತ್ರೆಯ ಕಟ್ಟಡದಲ್ಲಿ, ಬಾಗಿಲ ಮುಂದೆಯೇ ಎರಡು ಭಾರೀ ನೌಕಾ ತೋಪು. ಇದನ್ನು ಕೇಳಿ ಕಾಕಾ ನಕ್ಕರು: "ಜಾಗ ಬರೋಬ್ಬರಿ ಹುಡುಕ್ಯಾರ."

"ನಮ್ಮ ಹಲಗಲಿಗೆ ಯಾಕ ಮಾಡಿಲ್ಲ ಹಂಗಾರ?" ಕಾಕು ಬಿಡಲಿಲ್ಲ.

ಮುಧೋಳದವರ ಹೊಟ್ಟೆಯುರಿಯ ಪ್ರಶ್ನೆ ಅದು. ತೋಪನ್ನು ಮಾರಲು ಹೋದ ಸರಕಾರವೇ ಮೂರು ವರ್ಷಕ್ಕೆ ಬೇಡರ ಮನೆಯ ಹತಾರ ಕೇಳಿಕೊಂಡು ಹಲಗಲಿಗೆ ಬಂತು. 1857ರ ನವೆಂಬರ್ ಅದು. ಒಪ್ಪಿಸುವುದಿಲ್ಲ ಅಂದರು ಬೇಡರು. ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಆಮೇಲೆ ಹತ್ತೊಂಬತ್ತು ಮಂದಿಗೆ ಗಲ್ಲು, ಕೆಲವರಿಗೆ ಇಲ್ಲಿ ಮುಧೋಳದಲ್ಲೇ. ಯಾವ ಹತಾರಕ್ಕಾಗಿ ಜೀವ ಕೊಟ್ಟರೋ ಅದೇ ಹೋಯಿತಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಏನಿಡುವುದು?

ಉಳಿದದ್ದು ಲಾವಣಿ. ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದವನು ಇಂಗ್ಲಿಷ್ ಸಾಹೇಬ, ಫ್ಲೀಟ್ (ಈ ಮಾತಿಗೆ ನಗಬೇಕೋ ಅಳಬೇಕೋ). ಹತ್ತನೇತ್ತೆಯ ಹುಡುಗರೂ ಅದನ್ನು ಪಾಠವಾಗಿ ಓದಿದ್ದಾರೆ. ಲಾವಣಿಕಾರನದು ಕಾಕುವಿನ ಕಣ್ಣೇ. ದಂಡು ಎಷ್ಟು ಬಂದೂಕು ಒಯ್ಯಿತೆಂದು ಎಣಿಸುತ್ತ ಕೂರುವುದಿಲ್ಲ. ಕೊಡಲಿಯಿಂದ ಶುರುವಾದ ಲೂಟಿಯ ಪಟ್ಟಿ ಮೊಸರು, ಬೆಣ್ಣೆ, ಅರಿಶಿಣ, ಜೀರಿಗೆ, ಬೆಲ್ಲ, ತಾಳಿ ಎಂದು ನೇರ ಅಡುಗೆಮನೆಗೇ ಇಳಿಯುತ್ತದೆ. ಕೊನೆಗೆ ಬೀಸುಕಲ್ಲೂ ಬಿಡಲಿಲ್ಲವಂತೆ.

"ಬೀಸುಕಲ್ಲು ಯಾಕ ಒಯ್ದ್ರಿ ಅವ್ರು?" ಕಾಕಾ ಕಣ್ಣರಳಿಸಿದರು. "ತೋಪಿಗೆ ತುಂಬಾಕೇನು?"

"ದಂಡಿನವ್ರಿಗೆ ಹೊಟ್ಟಿ ಇರಂಗಿಲ್ಲೇನು? ರೊಟ್ಟಿ ಬೇಕಾಗಿರ್ತಾವ" ಅಂದರು ಕಾಕು, ಹಪ್ಪಳದ ಮರ ಎತ್ತಿಕೊಳ್ಳುತ್ತ. "ಆದ್ರ ಬೀಸಾಕ ಯಾರನ್ನ ಕೂಡಿಸಿದ್ರು, ಅದನ್ನ ಹೇಳ್ತೈತೇನು ನಿಮ್ಮ ಲಾವಣಿ?"